ವಿಶ್ವಾಸದ ಸಾಕ್ಷ್ಯಕ್ಕೆ ಸೌಮ್ಯತೆ ಬೇಕು

ಮಾನ್ಯ ಸಂಪಾದಕರೇ,

ಹಲವು ಧರ್ಮಗಳ ಜನರ ನಡುವೆ ಬದುಕುವ ಕ್ರೈಸ್ತರು ತಮ್ಮ ವಿಶ್ವಾಸವನ್ನು ಮನೆಯೊಳಗೇ ಇರಿಸಿಕೊಳ್ಳಬೇಕೆ ಅಥವಾ ಎಲ್ಲರೆದುರು ಸಾರುತ್ತಲೇ ಇರಬೇಕೆ ಎಂಬ ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ. ಕ್ರೈಸ್ತಳಾದ ನನಗೆ ಎರಡೂ ಅಪೂರ್ಣವೆನಿಸುತ್ತವೆ. ಬೈಬಲಿನಲ್ಲಿರುವ ಪೇತ್ರನ ಮೊದಲನೆಯ ಪತ್ರದ 3ನೇ ಅಧ್ಯಾಯವು, ನಮ್ಮ ನಿರೀಕ್ಷೆಗೆ ಕಾರಣ ಕೇಳುವವರಿಗೆ ಉತ್ತರಿಸಲು ಸಿದ್ಧರಾಗಿರಬೇಕು ಎನ್ನುವಾಗಲೇ, ಆ ಉತ್ತರ ಸೌಮ್ಯತೆ ಮತ್ತು ಗೌರವದಿಂದ ಕೂಡಿರಬೇಕೆಂದೂ ಹೇಳುತ್ತದೆ. ಅಲ್ಲಿ ಪ್ರಶ್ನೆ ಮೊದಲು, ಉತ್ತರ ಆಮೇಲೆ. ಈ ಕ್ರಮವನ್ನು ನಾವು ಎಷ್ಟೋ ಸಲ ಮರೆತಿದ್ದೇವೆ.

ಯೇಸು ಹೇಳಿದ ಸಮಾರ್ಯದವನ ಸಾಮ್ಯದಲ್ಲಿ, ಅಂದರೆ ನೀತಿಕಥೆಯಲ್ಲಿ, ದಾರಿಯಲ್ಲಿ ಗಾಯಗೊಂಡು ಬಿದ್ದವನ ನೆರವಿಗೆ ನಿಂತವನು ಯಾಜಕನಲ್ಲ, ದೇವಾಲಯದ ಸೇವಕನಾದ ಲೇವಿಯನೂ ಅಲ್ಲ, ಕೇಳುಗರು ಆರಾಧನೆಯ ವಿಷಯದಲ್ಲಿ ದೂರವಿಟ್ಟಿದ್ದ ಸಮುದಾಯದವನು. ಅನ್ಯಧರ್ಮೀಯರು ನಮ್ಮ ಸೇವೆಯನ್ನು ಪಡೆಯುವವರು ಮಾತ್ರವಲ್ಲ, ಕರುಣೆಯನ್ನು ನಮಗೇ ಕಲಿಸಬಲ್ಲವರು ಎಂಬುದನ್ನು ನಾನು ಈ ಕಥೆಯಿಂದಲೇ ಅರಿತೆ.

1965ರಲ್ಲಿ ಕಥೋಲಿಕ ಬಿಷಪರ ಎರಡನೆಯ ವ್ಯಾಟಿಕನ್ ಮಹಾಸಭೆಯು, ಇತರ ಧರ್ಮಗಳಲ್ಲಿರುವ ಸತ್ಯವೂ ಪವಿತ್ರವೂ ಆದ ಯಾವುದನ್ನೂ ಕಥೋಲಿಕ ಸಭೆ ತಿರಸ್ಕರಿಸುವುದಿಲ್ಲವೆಂದು ಘೋಷಿಸಿತು. 2011ರಲ್ಲಿ ವ್ಯಾಟಿಕನ್ನಿನ ಅಂತರಧರ್ಮೀಯ ಸಂವಾದ ಮಂಡಳಿ, ಜಾಗತಿಕ ಚರ್ಚುಗಳ ಮಂಡಳಿ ಮತ್ತು ವಿಶ್ವ ಇವ್ಯಾಂಜೆಲಿಕಲ್ ಒಕ್ಕೂಟ ಜೊತೆಗೂಡಿ, ವಿಶ್ವಾಸವನ್ನು ಸಾರುವ ಬಗೆಯ ಕುರಿತು ಹೊರತಂದ ಮಾರ್ಗಸೂಚಿಯು ಇನ್ನೂ ನೇರವಾಗಿದೆ: ವಂಚನೆ, ಬಲವಂತಗಳು ಸುವಾರ್ತೆಗೆ, ಅಂದರೆ ಯೇಸುವಿನ ಸಂದೇಶಕ್ಕೆ, ಬಗೆವ ದ್ರೋಹ, ಬಡತನದ ದುರುಪಯೋಗಕ್ಕೆ ಅಲ್ಲಿ ಜಾಗವಿಲ್ಲ. ಸಭಾಪಾಲಕರು ಈ ಪುಟ್ಟ ದಾಖಲೆಯನ್ನು ಆರಾಧನೆಗೆ ಸೇರಿದವರ ಮುಂದೆ, ಮುಖ್ಯವಾಗಿ ಶಾಲೆ ಮತ್ತು ಆಸ್ಪತ್ರೆಗಳಲ್ಲಿ ದುಡಿಯುವವರ ಮುಂದೆ ಓದಿ ಚರ್ಚಿಸಬೇಕೆಂದು ಕೋರುತ್ತೇನೆ.

— ಓರ್ವ ಓದುಗಾರ್ತಿ