ಬೆಣ್ಣೆ ಇತ್ತು, ಹಾಲಿರಲಿಲ್ಲ

ಮೂಡಿಗೆರೆ
ಭಾನುವಾರ ರಾತ್ರಿ

ಪುಟ್ಟಿ,

ಇದನ್ನು ನಿನ್ನ ಬ್ಯಾಗಿನ ಪಕ್ಕದ ಜೇಬಿಗೆ ತುರುಕಿರುತ್ತೇನೆ. ಬಸ್ಸು ಬೇಲೂರು ದಾಟಿದ ಮೇಲೆ ಓದು. ಊಟದ ಹೊತ್ತಿನಲ್ಲಿ ಆದದ್ದು ಇಬ್ಬರಿಗೂ ಗೊತ್ತು, ಮತ್ತೆ ಬರೆಯುವುದಿಲ್ಲ. ತಟ್ಟೆ ಬಿಟ್ಟು ಎದ್ದದ್ದು ನನ್ನದೇ ತಪ್ಪು. ಆದರೆ ಲ್ಯಾಬಿನಲ್ಲಿ ನೀನು ಮಾಡಲಿರುವ ಪ್ರಯೋಗದ ಮಾತು ಬಂದಾಗ "ಬರೀ ಇಲಿ ಅಪ್ಪಾ" ಅಂದೆಯಲ್ಲ, ಅದಿನ್ನೂ ಗಂಟಲಿಂದ ಇಳಿದಿಲ್ಲ.

ಪ್ರಯೋಗದ ನೀತಿ ಅಂದಕೂಡಲೇ ಎಲ್ಲರೂ ಎಚ್.ಜಿ. ವೆಲ್ಸ್‌ನ ಡಾಕ್ಟರ್ ಮೊರೊನ ಹೆಸರೆತ್ತುತ್ತಾರೆ. 1896ರ ಕಾದಂಬರಿಯಲ್ಲಿ ಪ್ರಾಣಿಗಳನ್ನು ಕೊಯ್ದು ಮನುಷ್ಯರಾಗಿಸಲು ಹೊರಟವನು. ನೋವನ್ನು ಲೆಕ್ಕಕ್ಕೇ ಇಡದವನ ಮೇಲೆ ಸಿಟ್ಟಾಗುವುದು ಸುಲಭ. ನೀನು ಅಂಥವಳಾಗುವುದಿಲ್ಲ ಅಂತ ಗೊತ್ತು. ನನಗೆ ಹೆದರಿಕೆ ಮರುವರ್ಷ ಬಂದ 'ದಿ ಇನ್‌ವಿಸಿಬಲ್ ಮ್ಯಾನ್'ನಲ್ಲಿ ಜೀವಿಗಳನ್ನು ಕಣ್ಣಿಗೆ ಕಾಣದಂತೆ ಮಾಡುವ ವಿಜ್ಞಾನಿ ಗ್ರಿಫಿನ್‌ದು. ಕೆಳಮನೆಯ ಮುದುಕಿಯ ಬಡಕಲು ಬಿಳಿ ಬೆಕ್ಕು ಅವನ ಕೈಗೆ ಸಿಗುತ್ತದೆ. ಮೊದಲು ಹಾಲು ಕೊಟ್ಟು, ಮೈ ನೆಕ್ಕಿಕೊಳ್ಳಲೆಂದು ಬೆಣ್ಣೆ ಕೊಡುತ್ತಾನೆ, ಅಫೀಮು ಕೊಟ್ಟು ಮಲಗಿಸುತ್ತಾನೆ. ಕೆಲಸಕ್ಕೆ ಮೂರ್ನಾಲ್ಕು ಗಂಟೆ ಬೇಕು. ಅಷ್ಟರೊಳಗೆ ಅಮಲು ಇಳಿದು, ಅರೆ ಮಾಯವಾದ ಬೆಕ್ಕು ಕಟ್ಟಿದಲ್ಲೇ ಎದ್ದು ಅಳುತ್ತದೆ. ಕೊನೆಗೆ ಉಳಿಯುವುದು ಉಗುರು ಮತ್ತು ಕಣ್ಣಿನ ಹಿಂಭಾಗ ಮಾತ್ರ. ಆ ಹಿಂಭಾಗವೇ ಟೇಪಟಮ್ ಕಣೆ, ರಾತ್ರಿ ತೋಟದ ದಾರಿಯಲ್ಲಿ ಜೀಪಿನ ಬೆಳಕಿಗೆ ದನದ ಕಣ್ಣು ಹೊಳೆಯುತ್ತದಲ್ಲ, ಅದೇ ಪದರ. ಮನುಷ್ಯರಿಗೆ ಇಲ್ಲ. ವೆಲ್ಸ್ ಜೀವಶಾಸ್ತ್ರ ಓದಿದವನು, ಅಲ್ಲಿ ತಪ್ಪಲಿಲ್ಲ.

ಕಣ್ಣಲ್ಲ ನನ್ನ ಮಾತು, ಹಾಲು. ನಡುರಾತ್ರಿ ಬೆಕ್ಕು ಬಾಗಿಲ ಹತ್ತಿರ ಕೂತು ಕೂಗುತ್ತದೆ. ಹಾಲು ಕೊಡುತ್ತಿದ್ದೆ, ಇರಲಿಲ್ಲ ಅನ್ನುತ್ತಾನೆ ಗ್ರಿಫಿನ್. ಕಿಟಕಿ ತೆಗೆದು ಸದ್ದು ಮಾಡಿ ಓಡಿಸಿಬಿಡುತ್ತಾನೆ. ಎರಡು ಡೈನಮೊ, ಅದಕ್ಕೊಂದು ಗ್ಯಾಸ್ ಎಂಜಿನ್, ಎಲ್ಲವನ್ನೂ ಮೊದಲೇ ಹೊಂದಿಸಿಕೊಂಡಿದ್ದ. ಪ್ರಯೋಗಕ್ಕೆ ಬೇಕಾದ ಬೆಣ್ಣೆಯೂ ಇತ್ತು. ಆಮೇಲಕ್ಕೆ ಬೇಕಾದ ಹಾಲು ಮಾತ್ರ ಪಟ್ಟಿಯಲ್ಲೇ ಇರಲಿಲ್ಲ. ಕ್ರೌರ್ಯ ಅನ್ನಲಾರೆ, ಮರೆವು. ಮರೆವು ನಿನಗೂ ಉಂಟು ಪುಟ್ಟಿ, ನನಗೂ.

ಅದಕ್ಕೇ ಹೇಳುತ್ತೇನೆ, ಬೈಯಬೇಡ. ಐಸೋಫ್ಲುರೇನ್ ಪ್ರಜ್ಞೆ ತಪ್ಪಿಸುತ್ತದೆ, ನೋವು ಕಳೆಯುವುದಿಲ್ಲ. ಮಾಸ್ಕ್ ತೆಗೆದ ಕೆಲವೇ ನಿಮಿಷದಲ್ಲಿ ಇಲಿ ಏಳುತ್ತದೆ, ನೋವೂ ಅದರ ಜೊತೆಗೇ ಏಳುತ್ತದೆ. ಆದ್ದರಿಂದ ನೋವು ಕಳೆಯುವ ಮೆಲೊಕ್ಸಿಕ್ಯಾಮ್ ಕೊಡುವುದು ಕತ್ತರಿ ಇಡುವ ಮೊದಲು, ಹೊಲಿಗೆ ಹಾಕಿದ ಮೇಲಲ್ಲ. 25 ಗ್ರಾಂ ಜೀವ ಬೇಗ ತಣ್ಣಗಾಗುತ್ತದೆ; ಮೇಜಿನ ಮೇಲೂ ಬೋನಿಗೆ ಬಿಟ್ಟ ಮೇಲೂ ಅಡಿಯಲ್ಲಿ ಬಿಸಿ ಪ್ಯಾಡ್ ಇರಲಿ, ಆದರೆ ಬೋನಿನ ಅರ್ಧಕ್ಕೆ ಮಾತ್ರ. ಹೆಚ್ಚಾದರೆ ಇನ್ನರ್ಧಕ್ಕೆ ಸರಿಯಲು ಜಾಗ ಬೇಕಲ್ಲ. ಮತ್ತಿನಲ್ಲಿ ರೆಪ್ಪೆ ಮುಚ್ಚುವುದಿಲ್ಲ, ಮುಲಾಮು ಹಚ್ಚದಿದ್ದರೆ ಕಣ್ಣು ಒಣಗುತ್ತದೆ. ಬಾಲ ಹಿಡಿದು ಎತ್ತಬೇಡ. ಪ್ಲಾಸ್ಟಿಕ್ ಕೊಳವೆಯೊಳಗೆ ತಾನೇ ನುಗ್ಗಲಿ, ಕೊಳವೆ ಸಮೇತ ಎತ್ತು. ಇಲಿ ಬೇಟೆಗೆ ಸಿಗುವ ಪ್ರಾಣಿ, ನೋವು ತೋರಿಸಿಕೊಳ್ಳುವುದಿಲ್ಲ. ಕಣ್ಣು ಕಿರಿದಾಗಿದೆಯಾ, ಕಿವಿ ಹಿಂದಕ್ಕೆ ವಾಲಿದೆಯಾ, ಕೆನ್ನೆ ಉಬ್ಬಿದೆಯಾ, ನೀನೇ ನೋಡಬೇಕು. ದಿನಾ ಒಂದೇ ಹೊತ್ತಿಗೆ ತೂಗು. ಶೇಕಡ 20ರಷ್ಟು ತೂಕ ಇಳಿದರೆ ಡೇಟಾ ಎಷ್ಟೇ ಮುದ್ದಾಗಿರಲಿ, ಅಲ್ಲಿಗೆ ಮುಗಿಸಬೇಕು. ಆ ಗೆರೆಯನ್ನು ಶುರು ಮಾಡುವ ಮೊದಲೇ ಬರೆದಿಡು. ನಡುವೆ ಬರೆಯಲು ಕೂತರೆ ಕೈ ಬಗ್ಗುವುದಿಲ್ಲ.

ನೋಡು, ಮತ್ತೆ ಪಾಠ ಶುರುವಾಯಿತು. ನಿಮ್ಮಮ್ಮ ಪಕ್ಕದಲ್ಲಿ ಕೂತು ನಗುತ್ತಿದ್ದಾಳೆ.

ಇನ್ನೊಂದೇ. 'ಫ್ಲವರ್ಸ್ ಫಾರ್ ಆಲ್ಜರ್ನಾನ್' ಕಥೆಯಾಗಿ ಬಂದದ್ದು 1959ರಲ್ಲಿ. ಆಪರೇಷನ್ ಮಾಡಿ ಹೆಚ್ಚಿಸಿದ ಇಲಿಯ ಬುದ್ಧಿ ಎಷ್ಟು ದಿನ ನಿಲ್ಲುತ್ತದೆಂದು ಕಾದು ನೋಡದೆ ಮನುಷ್ಯನ ತಲೆಗೆ ಕೈ ಹಾಕಿದ ಕಥೆ. ಬದಲಿ ಹುಡುಕು, ಸಂಖ್ಯೆ ಇಳಿಸು, ನೋವು ತಗ್ಗಿಸು ಎಂದು ರಸೆಲ್ ಮತ್ತು ಬರ್ಚ್ ಬರೆದ ಪುಸ್ತಕವೂ ಅದೇ ವರ್ಷದ್ದು. ನಿಮ್ಮ ಎಥಿಕ್ಸ್ ಕಮಿಟಿ ಇವತ್ತಿಗೂ ಕೇಳುವುದು ಅದನ್ನೇ.

ನಮ್ಮ ಮನೆಯಿಂದ ಲ್ಯಾಬಿಗೆ ಹೋಗುತ್ತಿರುವ ಮೊದಲನೆಯವಳು ನೀನು. ಅದನ್ನು ಊಟಕ್ಕೆ ಮೊದಲೇ ಹೇಳಬೇಕಿತ್ತು.

ಪ್ರಾಣಿ ಪ್ರಯೋಗಕ್ಕೆ ಅನುಮತಿ ಕೇಳುವ ಫಾರ್ಮ್ ಬಿ ತುಂಬಿಸಿದ ಮೇಲೆ ಒಂದು ಪ್ರತಿ ಕಳಿಸು. ಆಪರೇಷನ್ ನಂತರದ ಆರೈಕೆ ಅನ್ನುವ ಜಾಗದಲ್ಲಿ 'ಅಗತ್ಯಕ್ಕೆ ತಕ್ಕಂತೆ' ಅಂತ ಒಂದೇ ಸಾಲು ಇದ್ದರೆ ಫೋನ್ ಮಾಡಿ ಬೈಯುತ್ತೇನೆ. ಕೋಡುಬಳೆ ಕೆಳಗಿನ ಡಬ್ಬದಲ್ಲಿದೆ.

ಅಪ್ಪ