ಹಲ್ಲಿನ ಡಾಕ್ಟರಿಗೆ ಮಾತ್ರೆ ಸ್ಟ್ರಿಪ್ಪೂ ತೋರಿಸಿ

ಸಂಪಾದಕರೇ,

ನಮ್ಮ ಅಮ್ಮನಿಗೆ 58 ವರ್ಷ. ಹೋದ ವರ್ಷ ಅವರ ಮುಂದಿನ ಹಲ್ಲುಗಳ ಸಂದಿಯಲ್ಲಿ ಒಸಡು ದಾಳಿಂಬೆ ಕಾಳಿನ ಹಾಗೆ ಉಬ್ಬಿಕೊಂಡು ಬಂತು. ಬ್ರಷ್ ತಾಗಿದರೆ ರಕ್ತ. ಲವಂಗ ಇಟ್ಟರು, ಉಪ್ಪುನೀರು ಮುಕ್ಕಳಿಸಿದರು, ರೊಟ್ಟಿಯನ್ನು ಸಾರಲ್ಲಿ ನೆನೆಸಿಕೊಂಡು ತಿಂದರು. ಮೊದಲು ತೋರಿಸಿದ ಡಾಕ್ಟರು ಕ್ಲೀನ್ ಮಾಡಿ, ‘ಸರಿಯಾಗಿ ಹಲ್ಲುಜ್ಜಿ’ ಅಂದು ಕಳಿಸಿಬಿಟ್ಟರು. ದಿನಕ್ಕೆರಡು ಸಲ ಉಜ್ಜುವ ಅಮ್ಮನಿಗೆ ಆ ಮಾತು ಎಷ್ಟು ಚುಚ್ಚಿತೆಂದರೆ, ಆಮೇಲೆ ಎಷ್ಟೋ ದಿನ ಸೆರಗು ಅಡ್ಡ ಹಿಡಿದೇ ನಗುತ್ತಿದ್ದರು.

ಎರಡನೇ ಡಾಕ್ಟರು ಬಾಯಿ ನೋಡಿದವರೇ ಕೇಳಿದ್ದು, ‘ಬಿಪಿಗೆ ಯಾವ ಮಾತ್ರೆ ತಗೋತೀರಮ್ಮಾ?’ ಸ್ಟ್ರಿಪ್ ತೋರಿಸಿದೆವು. ಅಮ್ಲೋಡಿಪಿನ್. ಎಷ್ಟೋ ಮನೆಗಳಲ್ಲಿ ಇರುವ ಮಾತ್ರೆ, ಒಳ್ಳೆಯ ಮಾತ್ರೆಯೇ, ಆದರೆ ಕೆಲವರಿಗೆ ಒಸಡು ಬೆಳೆಸುತ್ತದಂತೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಕೂಡ ಹೀಗೇ. ಅವರು ಬಿಪಿ ಡಾಕ್ಟರಿಗೆ ಚೀಟಿ ಬರೆದುಕೊಟ್ಟರು, ಮಾತ್ರೆ ಬದಲಾಯಿತು, ಇನ್ನೊಮ್ಮೆ ಕ್ಲೀನಿಂಗ್ ಆಯಿತು, ಕೆಲವು ತಿಂಗಳಲ್ಲಿ ಊತ ಇಳಿಯಿತು. ದಯವಿಟ್ಟು ಇದನ್ನು ಓದಿ ಯಾರೂ ತಾವಾಗಿಯೇ ಬಿಪಿ ಮಾತ್ರೆ ನಿಲ್ಲಿಸಬೇಡಿ.

ಮುಟ್ಟು ನಿಂತ ವಯಸ್ಸಿನ ಹೆಂಗಸರ ವಿಷಯ ಇನ್ನೂ ಜಾಸ್ತಿ ಇದೆ. ಆ ವಯಸ್ಸಿಗೆ ಎಷ್ಟೋ ಜನಕ್ಕೆ ಬಾಯಿ ಒಣಗುವುದು, ಉರಿಯುವುದು ಇದ್ದೇ ಇರುತ್ತದೆ. ಅದರ ಮೇಲೆ ಅಲರ್ಜಿಗೆ ಸಿಟ್ರಿಜಿನ್, ತಲೆನೋವಿಗೋ ನರದ ನೋವಿಗೋ ಅಮಿಟ್ರಿಪ್ಟಿಲಿನ್ ಸೇರಿದರೆ ಜೊಲ್ಲು ಮತ್ತೂ ಕಡಿಮೆ. ಹಲ್ಲನ್ನು ಕಾಯುವುದೇ ಜೊಲ್ಲು, ಅಲ್ವಾ? ನಮ್ಮ ಚಿಕ್ಕಮ್ಮ ಬಾಯಿ ಒಣಗುತ್ತದೆ ಅಂತ ಇಡೀ ದಿನ ಪೆಪ್ಪರ್‌ಮಿಂಟ್ ಚೀಪುತ್ತಿದ್ದರು, ಒಂದೇ ವರ್ಷದಲ್ಲಿ ನಾಲ್ಕು ಹಲ್ಲು ಹುಳುಕಾದವು. ಆಗಾಗ ಒಂದೊಂದು ಗುಟುಕು ನೀರು ಕುಡಿಯುವುದು, ಸಕ್ಕರೆ ಇಲ್ಲದ ಚ್ಯೂಯಿಂಗ್ ಗಮ್ ಅಗಿಯುವುದು ಎಷ್ಟೋ ವಾಸಿ.

ಎಲ್ಲಕ್ಕಿಂತ ಮುಖ್ಯ ಮೂಳೆ ಸವೆತದ ಮಾತ್ರೆ. ವಾರಕ್ಕೊಂದು ಸಲ ಖಾಲಿ ಹೊಟ್ಟೆಯಲ್ಲಿ ನುಂಗುವ ಅಲೆಂಡ್ರೊನೇಟ್ ಹೆಚ್ಚಾಗಿ ಹೆಂಗಸರಿಗೇ ಕೊಡುವುದು. ಅದನ್ನು ವರ್ಷಗಟ್ಟಲೆ ತಗೊಂಡವರು ಹಲ್ಲು ಕೀಳಿಸಿದರೆ, ಅಪರೂಪಕ್ಕೆ, ದವಡೆಯ ಮೂಳೆ ಮಾಯುವುದೇ ಇಲ್ಲ. ಸ್ತನ ಕ್ಯಾನ್ಸರ್ ಮೂಳೆಗೆ ಹರಡಿದಾಗ ಕೊಡುವ ಜೋಲೆಡ್ರೊನಿಕ್ ಆಸಿಡ್ ಇಂಜೆಕ್ಷನ್‌ನಲ್ಲಿ ಈ ಅಪಾಯ ಹೆಚ್ಚು. ಕೀಳಬೇಕಾದ ಹಲ್ಲಿದ್ದರೆ ಇಂಥ ಔಷಧಿ ಶುರು ಮಾಡುವ ಮುಂಚೆಯೇ ಕೀಳಿಸಿಕೊಳ್ಳಬೇಕು. ಈ ಒಂದು ಮಾತನ್ನು ಮೂಳೆ ಮಾತ್ರೆ ಬರೆಯುವ ಡಾಕ್ಟರು ಆ ಹೊತ್ತಿಗೇ ಹೇಳಿದರೆ ಸಾಕು.

ಹಲ್ಲಿನ ಕ್ಲಿನಿಕ್‌ಗಳಲ್ಲಿ ಶುಗರ್ ಇದೆಯಾ, ಬಿಪಿ ಇದೆಯಾ ಅಂತ ಕೇಳುತ್ತಾರೆ. ಅದಕ್ಕೆ ಯಾವ ಮಾತ್ರೆ ಅಂತಲೂ ಕೇಳಲಿ. ನಿಮ್ಮ ಆರೋಗ್ಯ ಪುಟದಲ್ಲಿ ಹಲ್ಲಿನ ಡಾಕ್ಟರೊಬ್ಬರಿಂದ ಇದನ್ನು ವಿವರವಾಗಿ ಬರೆಸಿ ಅಂತ ಕೇಳಿಕೊಳ್ಳುತ್ತೇನೆ.

— ನಿಮ್ಮ ಓದುಗರಲ್ಲೊಬ್ಬಳು, ದಾವಣಗೆರೆ