ಬಫಲೋದಿಂದ ಪತ್ರ: ಹಿಮಗಾಳಿಯ ಎಚ್ಚರಿಕೆ ಬಂದಾಗ

ಬಫಲೋ, ನ್ಯೂಯಾರ್ಕ್ ರಾಜ್ಯ
ನವೆಂಬರ್ ಎರಡನೇ ವಾರ

ತೀರ್ಥರೂಪ ಅಪ್ಪಯ್ಯನಿಗೆ, ಅಮ್ಮನಿಗೆ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ನಿಮ್ಮ ಕ್ಷೇಮಕ್ಕೆ ಬರೆಯಿರಿ.

ಅಕ್ಕನ ಮಗಳು ಸಹನಾ ಜನವರಿಯಲ್ಲಿ ಇಲ್ಲಿಯ ಯೂನಿವರ್ಸಿಟಿಗೆ ಬರುವುದು ಗಟ್ಟಿಯಾದ ಮೇಲೆ ಅಕ್ಕ ಅಮೆರಿಕದ ಹಿಮದ ವಿಡಿಯೋಗಳನ್ನೇ ಹುಡುಕಿ ನೋಡುತ್ತಿದ್ದಾಳೆ ಎಂದು ಅಮ್ಮ ಫೋನಿನಲ್ಲಿ ಹೇಳಿದಳು. ಅಪ್ಪಯ್ಯ, ನೀವು ಕೇಳಿದ್ದು ಇನ್ನೊಂದು: ಮೂರ್ನಾಲ್ಕು ದಿನ ಮೊದಲೇ ಎಚ್ಚರಿಕೆ ಕೊಟ್ಟರೂ ಅಲ್ಲಿ ಜನ ಹೇಗೆ ಸಾಯುತ್ತಾರೆ ಅಂತ. ಫೋನಿನಲ್ಲಿ ಎರಡು ಮಾತಿನಲ್ಲಿ ಮುಗಿಯುವ ಉತ್ತರ ಅಲ್ಲ, ಅದಕ್ಕೇ ಈ ಕಾಗದ. ಓದಿದ ಮೇಲೆ ಅಕ್ಕನಿಗೂ ಸಹನಾಗೂ ಕೊಡಿ.

ಇಲ್ಲಿಯ ರಾಷ್ಟ್ರೀಯ ಹವಾಮಾನ ಸೇವೆ ಕೊಡುವ ಎಚ್ಚರಿಕೆಗಳಲ್ಲಿ ಮೆಟ್ಟಿಲುಗಳಿವೆ. ಒಂದರಿಂದ ಮೂರು ದಿನ ಮೊದಲು, ಬಿರುಗಾಳಿ ಬರುವ ಸಾಧ್ಯತೆ ಇದ್ದಾಗ 'ವಾಚ್'. ಬರುವುದು ಹೆಚ್ಚುಕಡಿಮೆ ಖಚಿತವಾದಾಗ 'ವಾರ್ನಿಂಗ್'. ತೊಂದರೆಯಾಗುತ್ತದೆ, ಆದರೆ ಅಷ್ಟು ಘೋರವಲ್ಲ ಎಂದಾಗ 'ಅಡ್ವೈಸರಿ'. ಇವುಗಳಲ್ಲಿ ಜನ ತಪ್ಪಾಗಿ ಓದುವುದು 'ಬ್ಲಿಜಾರ್ಡ್ ವಾರ್ನಿಂಗ್' ಎನ್ನುವ ಹಿಮಗಾಳಿಯ ಎಚ್ಚರಿಕೆಯನ್ನು. ಅದರ ಲೆಕ್ಕದಲ್ಲಿ ಎಷ್ಟು ಇಂಚು ಹಿಮ ಬೀಳುತ್ತದೆ ಎಂಬುದೇ ಇಲ್ಲ. ಗಾಳಿ ಗಂಟೆಗೆ 56 ಕಿಲೋಮೀಟರ್ ಅಥವಾ ಹೆಚ್ಚು, ಹಿಮದಿಂದಾಗಿ 400 ಮೀಟರ್ ಆಚೆಗೆ ಕಾಣದ ಸ್ಥಿತಿ, ಇವೆರಡೂ ಕನಿಷ್ಠ 3 ಗಂಟೆ ಮುಂದುವರಿಯಬೇಕು. ನೆಲದಲ್ಲಿ ಮೊದಲೇ ಬಿದ್ದ ಪುಡಿಹಿಮವನ್ನು ಗಾಳಿ ಎತ್ತಿ ಎರಚಿದರೂ ಸಾಕು, ಅದು ಬ್ಲಿಜಾರ್ಡೇ. ಆದರೆ ಎಚ್ಚರಿಕೆ ಬಂದ ಕೂಡಲೇ ಇಲ್ಲಿ ಎಲ್ಲರ ಬಾಯಲ್ಲೂ ಬರುವ ಮೊದಲ ಪ್ರಶ್ನೆ "ಎಷ್ಟು ಇಂಚಂತೆ?" ಕೇಳಬೇಕಾದದ್ದು ಗಾಳಿ ಎಷ್ಟು, ಯಾವ ಗಂಟೆಗೆ ಶುರು ಅಂತ.

2022ರಲ್ಲಿ ಇದೇ ಬಫಲೋದಲ್ಲಿ ಆದದ್ದನ್ನು ನೋಡಿದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಗುತ್ತದೆ. ಆ ವರ್ಷ ನವೆಂಬರ್ ಮಧ್ಯದಲ್ಲಿ ನಗರದ ದಕ್ಷಿಣದ ಆರ್ಚರ್ಡ್ ಪಾರ್ಕ್, ಹ್ಯಾಂಬರ್ಗ್ ಕಡೆ 80 ಇಂಚಿನ ಆಸುಪಾಸು ಹಿಮ ಬಿತ್ತು, ಅಂದರೆ ಆರೂವರೆ ಅಡಿ. ಊರು ಅದನ್ನು ತಡೆದುಕೊಂಡಿತು. ಸುಮಾರು ಐದು ವಾರದ ಮೇಲೆ, ಕ್ರಿಸ್‌ಮಸ್ ಹೊತ್ತಿಗೆ, ಮತ್ತೆ ಎಚ್ಚರಿಕೆ ಬಂತು. ಒಂದು ತಲೆಮಾರಿಗೊಮ್ಮೆ ಬರುವಂಥದ್ದು ಎಂದೇ ಹವಾಮಾನ ಕಚೇರಿ ಹೇಳಿತ್ತು. ಹಿಂದಿನ ತಿಂಗಳು ಆರೂವರೆ ಅಡಿ ಕಂಡವರಿಗೆ ಅದಕ್ಕಿಂತ ಕಡಿಮೆ ಹಿಮ ಎಂದರೆ ಸಣ್ಣದಾಗಿ ಕೇಳಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ. ನವೆಂಬರಿನದು ಹಿಮದ ಭಾರ, ಡಿಸೆಂಬರಿನದು ಗಾಳಿಯ ಅಬ್ಬರ. ಈ ವ್ಯತ್ಯಾಸ ಎಚ್ಚರಿಕೆಯಲ್ಲಿ ಇತ್ತು, ಕೇಳಿದವರ ಮನಸ್ಸಿಗೆ ಇಳಿಯಲಿಲ್ಲ.

ಡಿಸೆಂಬರ್ 23, ಶುಕ್ರವಾರ. ಬೆಳಗಿನ ಜಾವ ಹೊರಗೆ ಅಂಥ ಚಳಿಯೂ ಇರಲಿಲ್ಲ, ಮಳೆಹನಿ ಇತ್ತು. ಬೆಳಿಗ್ಗೆ ಉಷ್ಣಾಂಶ ಜರ್ರನೆ ಇಳಿದು ಒದ್ದೆ ರಸ್ತೆಯೆಲ್ಲ ಮಂಜುಗಡ್ಡೆಯಾಯಿತು, ಗಾಳಿ ಎದ್ದಿತು. ಬಫಲೋ ಸೇರಿದ ಐರಿ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂತೆ) ವಾಹನ ಸಂಚಾರ ನಿಷೇಧ ಜಾರಿಗೆ ಬಂದದ್ದು 9:30ಕ್ಕೆ. ಅಷ್ಟರಲ್ಲಿ ಬೆಳಗಿನ ಪಾಳಿಯವರು ಕೆಲಸಕ್ಕೆ ಹೋಗಿ ಆಗಿತ್ತು. ಇನ್ನು ಕೆಲವರು ಹಬ್ಬದ ಸಾಮಾನಿಗೆ ಹೊರಟಿದ್ದರು. ಆಮೇಲೆ 37 ಗಂಟೆ ಬ್ಲಿಜಾರ್ಡ್ ಬಿಡಲಿಲ್ಲ. ಕಾರಿನ ಬಾನೆಟ್ ಕೂಡ ಕಾಣದ ಬಿಳುಪು. ಸಿಕ್ಕಿಬಿದ್ದವರನ್ನು ಬಿಡಿಸಲು ಹೋದ ಫೈರ್ ಎಂಜಿನ್, ಆಂಬ್ಯುಲೆನ್ಸ್, ಹಿಮ ತಳ್ಳುವ ಲಾರಿಗಳೇ ಸಿಕ್ಕಿಬಿದ್ದವು. ವಿಮಾನ ನಿಲ್ದಾಣದಲ್ಲಿ ಒಟ್ಟು ಅಳತೆ 51.9 ಇಂಚು. ಐರಿ ಕೌಂಟಿಯೊಂದರಲ್ಲೇ 40ಕ್ಕೂ ಹೆಚ್ಚು ಜನ ತೀರಿಹೋದರು. ಕೆಲವರು ಕಾರಿನೊಳಗೆ, ಕೆಲವರು ನಡೆದು ಹೋಗುತ್ತಾ ರಸ್ತೆಯಲ್ಲಿ, ಕೆಲವರು ಕರೆಂಟ್ ಹೋಗಿ ತಣ್ಣಗಾದ ಮನೆಯಲ್ಲಿ, ಕೆಲವರು ಹಿಮ ಎತ್ತುವಾಗ ಹೃದಯಾಘಾತದಿಂದ, ಇನ್ನು ಕೆಲವರು ಆಂಬ್ಯುಲೆನ್ಸ್ ತಲುಪಲಾಗದೆ.

ಇವರು ಎಚ್ಚರಿಕೆ ಕೇಳಿರಲಿಲ್ಲ ಎಂದಲ್ಲ. ಗಂಟೆ ಲೆಕ್ಕದ ಸಂಬಳದವರಿಗೆ ಎಚ್ಚರಿಕೆ ಒಂದರಿಂದ ರಜೆ ಸಿಗುವುದಿಲ್ಲ. ನಮ್ಮಲ್ಲಿ ಜುಲೈನಲ್ಲಿ ರೆಡ್ ಅಲರ್ಟ್ ಅಂದರೂ ಡಿ.ಸಿ. ರಜೆ ಕೊಟ್ಟರೋ ಇಲ್ಲವೋ ಎಂದು ಕಾಯುತ್ತಾರಲ್ಲ, ಹಾಗೆಯೇ. ಹವಾಮಾನದವರು ಹೇಳುವುದು ಏನಾಗುತ್ತದೆ ಎಂದು. ಮನೆಯಲ್ಲಿರಬಹುದು ಎನ್ನುವ ಹಕ್ಕನ್ನು ಕೊಡುವುದು ಸಂಚಾರ ನಿಷೇಧ. ನಿಷೇಧ ಹಿಂದಿನ ರಾತ್ರಿಯೇ ಬಂದಿದ್ದರೆ ಮೇಲಿನವರಿಗೆ ಹೇಳಲು ಒಂದು ಮಾತು ಸಿಗುತ್ತಿತ್ತು. ಸತ್ತವರನ್ನು ದಡ್ಡರು ಎನ್ನುವವರ ಮಾತು ನನಗೆ ತೀರಾ ನೋವು ಕೊಡುತ್ತದೆ. ಸಂಬಳ ಬಂದ ಮೇಲೆಯೇ ದಿನಸಿ ಕೊಳ್ಳುವ ಮನೆಗೆ, ಕಾರಿಲ್ಲದ ಮನೆಗೆ, ನಾಲ್ಕು ದಿನ ಮೊದಲು ಗೊತ್ತಾದರೂ ಕೈಯಲ್ಲಿ ದುಡ್ಡಿರಬೇಕಲ್ಲ.

ನಂಬದೆ ಇರುವವರೂ ಇದ್ದಾರೆ, ಅವರಿಗೂ ಕಾರಣವಿದೆ. ಇಲ್ಲಿಯ ಹಿಮ ಬಹುಪಾಲು ಐರಿ ಸರೋವರದ್ದು. ಚಳಿಗಾಲದ ಮೊದಲಲ್ಲಿ ಸರೋವರದ ನೀರು ಇನ್ನೂ ಬೆಚ್ಚಗಿರುತ್ತದೆ. ಅದರ ಉದ್ದಕ್ಕೂ ನೈಋತ್ಯದಿಂದ ಒಣ ತಣ್ಣನೆ ಗಾಳಿ ಬೀಸಿದರೆ ತೇವ ಹೀರಿಕೊಂಡು ಬಂದು ದಡದಲ್ಲಿ ಹಿಮವಾಗಿ ಸುರಿಯುತ್ತದೆ. ಸುರಿಯುವುದು ಒಂದು ಕಿರಿದಾದ ಪಟ್ಟಿಯಲ್ಲಿ. ಪಟ್ಟಿಯ ಒಳಗೆ ನಾಲ್ಕಡಿ, ಹತ್ತು ಹದಿನೈದು ಕಿಲೋಮೀಟರ್ ಆಚೆ ಬಿಸಿಲು. ಬಿಸಿಲು ಕಂಡವರು ಮುಂದಿನ ಸಲ "ಇವರದ್ದು ಯಾವಾಗಲೂ ಇದೇ" ಅನ್ನುತ್ತಾರೆ. 2015ರ ಜನವರಿಯಲ್ಲಿ ನ್ಯೂಯಾರ್ಕ್ ನಗರಕ್ಕೆ ಎರಡಡಿ ಹಿಮ ಎಂದು ಹೇಳಿ ಸಬ್‌ವೇ ರೈಲನ್ನೂ ನಿಲ್ಲಿಸಿದ್ದರು. ಸೆಂಟ್ರಲ್ ಪಾರ್ಕಿನಲ್ಲಿ ಬಿದ್ದದ್ದು 9.8 ಇಂಚು, ನಗುವವರಿಗೆ ಹಬ್ಬ. ಅದೇ ಬಿರುಗಾಳಿ ಬಾಸ್ಟನ್ನಿನಲ್ಲಿ ಎರಡಡಿ ಸುರಿಸಿತ್ತು. ಲೆಕ್ಕ ತಪ್ಪಿದ್ದು ಬಿರುಗಾಳಿಯದ್ದಲ್ಲ, ಅದರ ಅಂಚು ಎಲ್ಲಿ ಎಂಬುದರದ್ದು.

ಎಲ್ಲರೂ ಒಟ್ಟಿಗೆ ನಂಬಿದರೂ ಆಪತ್ತೇ. ಅಟ್ಲಾಂಟಾದಲ್ಲಿ 2014ರ ಜನವರಿ 28ರಂದು ಬಿದ್ದದ್ದು ಎರಡು ಮೂರು ಇಂಚು ಮಾತ್ರ. ಹಿಮ ಶುರುವಾದ ಮೇಲೆ ಶಾಲೆ, ಕಚೇರಿ, ಕಂಪನಿಗಳೆಲ್ಲ ಮಧ್ಯಾಹ್ನ ಒಂದೇ ಹೊತ್ತಿಗೆ ಬಿಟ್ಟವು. ರಸ್ತೆ ತುಂಬಿತು, ಉಪ್ಪು ಹಾಕುವ ಲಾರಿಗಳೇ ಆ ದಟ್ಟಣೆಯೊಳಗೆ ಸಿಕ್ಕಿಕೊಂಡವು, ಚಕ್ರದ ಕೆಳಗಿನ ಹಿಮ ಕರಗಿ ಮತ್ತೆ ಗಡ್ಡೆ ಕಟ್ಟಿತು. ಸಾವಿರಾರು ಜನ ಹೆದ್ದಾರಿಯಲ್ಲೇ ರಾತ್ರಿ ಕಳೆದರು, ಮಕ್ಕಳು ಶಾಲೆಯಲ್ಲಿ, ಬಸ್ಸಿನಲ್ಲಿ. ಹಾಗಾಗಿ ಹೊರಡುವುದಾದರೆ ಬಿರುಗಾಳಿಗೆ ಅರ್ಧ ದಿನ ಮೊದಲು ಹೊರಡಬೇಕು. ಇಲ್ಲವಾದರೆ ಇದ್ದಲ್ಲೇ ಇರಬೇಕು. ನಡುವಿನ ದಾರಿಯೇ ಅಪಾಯ.

ಇನ್ನು ಅಂಗಡಿಯ ವಿಷಯ. ವಾಚ್ ಬಂದ ಸಂಜೆಯೇ ಬ್ರೆಡ್ಡು, ಹಾಲು, ಮೊಟ್ಟೆಯ ಕಪಾಟು ಖಾಲಿ. ನಮ್ಮವರು ಇಂಡಿಯನ್ ಅಂಗಡಿಗೆ ಮೊಸರು, ಕೊತ್ತಂಬರಿಸೊಪ್ಪಿಗೆ ಓಡುತ್ತಾರೆ. ಕರೆಂಟ್ ಹೋದರೆ ಮೊದಲು ಕೆಡುವವೂ ಇವೇ. ಬಾಗಿಲು ತೆರೆಯದಿದ್ದರೆ ಫ್ರಿಜ್ 4 ಗಂಟೆ ತಣ್ಣಗಿರುತ್ತದೆ, ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ. ಮೊದಲು ಕೊಳ್ಳಬೇಕಾದದ್ದು ಟಾರ್ಚಿನ ಬ್ಯಾಟರಿ, ದಿನವಹಿ ಮಾತ್ರೆ, ತಲೆಗೆ ದಿನಕ್ಕೆ ನಾಲ್ಕು ಲೀಟರಿನಂತೆ ಮೂರು ದಿನದ ನೀರು, ಒಲೆ ಬೇಡದ ತಿಂಡಿ. ಈ ಲೆಕ್ಕದಲ್ಲಿ ನಮ್ಮ ತೆಳು ಅವಲಕ್ಕಿಗೆ ಸಮ ಯಾವುದೂ ಇಲ್ಲ: ತಣ್ಣೀರು ಚಿಮುಕಿಸಿ, ಚಟ್ನಿಪುಡಿ, ಎಣ್ಣೆ ಕಲಸಿದರೆ ಆಯಿತು. ಇಲ್ಲಿ ಇಂಡಿಯನ್ ಅಂಗಡಿಯಲ್ಲಿ ಸಿಗುತ್ತದೆ, ಹೊತ್ತು ತರಬೇಕಿಲ್ಲ. ಮೃಗಶಿರೆಗೆ ಮೊದಲೇ ಸೌದೆ ಕೊಟ್ಟಿಗೆ ಸೇರುವಂತೆ ಇದೆಲ್ಲ ನವೆಂಬರಿನಲ್ಲೇ ಮನೆ ಸೇರಿದ್ದರೆ ಎಚ್ಚರಿಕೆ ಬಂದ ದಿನ ಅಂಗಡಿಯ ಕಡೆ ಮುಖ ಹಾಕುವ ಅಗತ್ಯವೇ ಇಲ್ಲ. ರಸ್ತೆಗೆ ಎರಚುವ ಕಲ್ಲುಪ್ಪನ್ನೂ ಜನ ಮೂಟೆಗಟ್ಟಲೆ ಒಯ್ಯುತ್ತಾರೆ. ಮೈನಸ್ 9 ಡಿಗ್ರಿಗಿಂತ ಕೆಳಗೆ ಅದರಿಂದ ಹೆಚ್ಚು ಉಪಯೋಗವಿಲ್ಲ, ಆಗ ಕ್ಯಾಲ್ಸಿಯಂ ಕ್ಲೋರೈಡ್ ಬೇಕು.

ಮನೆಯೊಳಗಿನ ಅಪಾಯದ ಬಗ್ಗೆ ಟೀವಿಯವರು ಕಡಿಮೆ ತೋರಿಸುತ್ತಾರೆ, ನಾನು ಹೆಚ್ಚು ಬರೆಯುತ್ತೇನೆ. ಇಲ್ಲಿ ಮನೆ ಬೆಚ್ಚಗಿಡುವ ಫರ್ನೇಸ್ ಗ್ಯಾಸಿನದಾದರೂ ಅದರ ಫ್ಯಾನಿಗೆ, ಕಿಡಿಗೆ ಕರೆಂಟ್ ಬೇಕು. ಕರೆಂಟ್ ಹೋದರೆ ಅದೂ ನಿಂತಿತು. ಹೊಸ ಮಾದರಿಯ ಫರ್ನೇಸಿನ ಹೊಗೆ ಗೋಡೆಯಿಂದ ಹೊರಬಂದ ಬಿಳಿ ಪ್ಲಾಸ್ಟಿಕ್ ಕೊಳವೆಯಲ್ಲಿ ಹೋಗುತ್ತದೆ. ಅದರ ಬಾಯಿ ಹಿಮದಲ್ಲಿ ಮುಚ್ಚಿದರೆ ಫರ್ನೇಸ್ ನಿಲ್ಲುತ್ತದೆ, ಇಲ್ಲವೇ ಕಾರ್ಬನ್ ಮಾನಾಕ್ಸೈಡ್ ಒಳಗೆ ತುಂಬುತ್ತದೆ. ಆ ಅನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ತಲೆನೋವು, ವಾಕರಿಕೆ ಶುರುವಾಗಿ ನಿದ್ದೆಯಲ್ಲೇ ಜೀವ ಹೋಗುತ್ತದೆ. 2021ರ ಫೆಬ್ರುವರಿಯಲ್ಲಿ ಟೆಕ್ಸಾಸಿನ ಎಲ್ಲ 254 ಕೌಂಟಿಗಳಿಗೂ ಎಚ್ಚರಿಕೆ ಇತ್ತು, ಲಕ್ಷಾಂತರ ಮನೆಗಳಿಗೆ ದಿನಗಟ್ಟಲೆ ಕರೆಂಟ್ ಇರಲಿಲ್ಲ. ಚಳಿ ತಡೆಯಲಾರದೆ ಜನ ಮನೆಯೊಳಗೆ ಇದ್ದಿಲು ಉರಿಸಿದರು, ಗ್ಯಾರೇಜಿನಲ್ಲಿ ಕಾರು ಚಾಲೂ ಮಾಡಿ ಕೂತರು. ರಾಜ್ಯ ಸರ್ಕಾರದ ಲೆಕ್ಕದ 246 ಸಾವುಗಳಲ್ಲಿ ಇಂಥವೂ ಸೇರಿವೆ. ಆದ್ದರಿಂದ ಜನರೇಟರ್ ಮನೆಯಿಂದ 6 ಮೀಟರ್ ಆಚೆ ಇರಬೇಕು, ಓವನ್ನಿನಿಂದ ಮನೆ ಕಾಯಿಸಬಾರದು, ಬ್ಯಾಟರಿಯ ಮಾನಾಕ್ಸೈಡ್ ಅಲಾರಂ ಮಲಗುವ ಕೋಣೆಯ ಹತ್ತಿರ ಇರಲೇಬೇಕು. ಸಹನಾ ಬಾಡಿಗೆ ಮನೆ ಹಿಡಿದರೆ ಅಲಾರಂ ಎಲ್ಲಿದೆ, ನೀರಿನ ಮುಖ್ಯ ಕವಾಟ ಎಲ್ಲಿದೆ ಎಂದು ಮೊದಲ ದಿನವೇ ಕೇಳಲಿ. ತೀರಾ ಚಳಿಯಿದ್ದಾಗ ಹೊರಗೋಡೆಯ ಕಡೆಯ ನಲ್ಲಿಯನ್ನು ಸಣ್ಣಗೆ ತೊಟ್ಟಿಕ್ಕಲು ಬಿಟ್ಟು ಸಿಂಕಿನ ಕೆಳಗಿನ ಬಾಗಿಲು ತೆರೆದಿಟ್ಟರೆ ಪೈಪು ಒಡೆಯುವ ಸಂಭವ ಕಡಿಮೆ.

ಯಾರದ್ದೋ ಕಾರಿನಲ್ಲಿ ಹೋಗುವಾಗ ಸಿಕ್ಕಿಬಿದ್ದರೆ ಇಳಿದು ನಡೆಯಬಾರದು. ಬಿಳಿಗತ್ತಲೆಯಲ್ಲಿ ಹತ್ತು ಹೆಜ್ಜೆಗೆ ದಿಕ್ಕು ತಪ್ಪುತ್ತದೆ. ಮೊದಲು ಸೈಲೆನ್ಸರ್ ಬಾಯಿಯ ಹಿಮ ತೆಗೆಯಬೇಕು, ಇಲ್ಲವಾದರೆ ಅದೇ ವಿಷಾನಿಲ ಕಾರಿನೊಳಗೆ ಬರುತ್ತದೆ. ಗಂಟೆಗೆ ಸುಮಾರು 10 ನಿಮಿಷ ಎಂಜಿನ್ ಹಾಕಿ ಹೀಟರ್ ಬಿಡಬೇಕು, ಆಗ ಗಾಳಿ ಬಡಿಯದ ಕಡೆಯ ಕಿಟಕಿಯನ್ನು ಬೆರಳಿನಷ್ಟು ಇಳಿಸಿರಬೇಕು. ಆಂಟೆನಾಗೆ ಕೆಂಪು ಬಟ್ಟೆ ಕಟ್ಟಬೇಕು. ಚಳಿಗಾಲವಿಡೀ ಟ್ಯಾಂಕು ಅರ್ಧಕ್ಕಿಂತ ಕೆಳಗೆ ಇಳಿಯಬಾರದು, ಡಿಕ್ಕಿಯಲ್ಲಿ ಸಲಿಕೆ, ಕಂಬಳಿ ಇರಬೇಕು. ಗಾಳಿ ಸೇರಿ ಮೈಗೆ ತಾಗುವ ಚಳಿ ಮೈನಸ್ 28 ಡಿಗ್ರಿ ಮುಟ್ಟಿದರೆ ತೆರೆದ ಚರ್ಮ ಅರ್ಧ ಗಂಟೆಯಲ್ಲಿ ಮರಗಟ್ಟುತ್ತದೆ. ಅಕ್ಕ ಬೆಂಗಳೂರಿನಲ್ಲಿ ದಪ್ಪ ಜಾಕೆಟ್ಟಿಗೆ ದುಡ್ಡು ಸುರಿಯುವುದು ಬೇಡ. ಒಳಗೆ ತೊಡುವ ಥರ್ಮಲ್, ಉಣ್ಣೆಯ ಕಾಲುಚೀಲ ಅಲ್ಲಿಂದ ತರಲಿ, ಜಾಕೆಟ್ಟು ಬೂಟು ಇಲ್ಲಿ ಕೊಡಿಸುತ್ತೇನೆ.

ಫೋನಿನ ಒಂದು ಸಂಗತಿ. ಇದ್ದಕ್ಕಿದ್ದಂತೆ ನುಗ್ಗುವ ಹಿಮದ ಸ್ಕ್ವಾಲ್ (ಸ್ವಲ್ಪ ಹೊತ್ತಿನ ಜೋರು ಹಿಮ, ಗಾಳಿ) ತೀರಾ ಅಪಾಯದ್ದಾದರೆ ಆ ಪ್ರದೇಶದವರ ಮೊಬೈಲ್ ಕಿರುಚುತ್ತದೆ. ಬ್ಲಿಜಾರ್ಡ್ ವಾರ್ನಿಂಗಿಗೆ ಹವಾಮಾನ ಸೇವೆಯಿಂದ ಆ ಕಿರುಚು ಬರುವುದಿಲ್ಲ. ಫೋನ್ ಸುಮ್ಮನಿದೆ ಎಂದರೆ ಏನೂ ಇಲ್ಲ ಎಂದಲ್ಲ. ಯೂನಿವರ್ಸಿಟಿಯ ಎಚ್ಚರಿಕೆ ಸಂದೇಶಕ್ಕೆ ಸಹನಾ ಬಂದ ದಿನವೇ ನಂಬರ್ ಕೊಡಲಿ, ದಿನಾ ಬೆಳಿಗ್ಗೆ ಹವಾಮಾನ ಕಚೇರಿಯ ಪುಟವನ್ನು ತಾನೇ ನೋಡಲಿ.

ಅವಳ ಟಿಕೆಟ್ಟು ಷಿಕಾಗೋ ಮೇಲೋ ನ್ಯೂಯಾರ್ಕ್ ಮೇಲೋ ತಿಳಿಸಿ. ಎರಡೂ ಕಡೆ ಜನವರಿಯಲ್ಲಿ ವಿಮಾನ ರದ್ದಾಗಬಹುದು. ಮುಂದಿನ ವಿಮಾನಕ್ಕೆ ನಾಲ್ಕೈದು ಗಂಟೆಯಾದರೂ ಅಂತರವಿರಲಿ. ದೊಡ್ಡ ಎಚ್ಚರಿಕೆ ಬಂದಾಗ ಇಲ್ಲಿಯ ವಿಮಾನ ಕಂಪನಿಗಳು ಸಾಮಾನ್ಯವಾಗಿ ದಂಡವಿಲ್ಲದೆ ದಿನ ಬದಲಿಸಿಕೊಡುತ್ತವೆ. ಆದರೆ ಮೊದಲು ಕೇಳಿದವರಿಗೆ ಸೀಟು. ವಾಚ್ ಬಂದ ತಕ್ಷಣ ನಾನೇ ಫೋನ್ ಮಾಡುತ್ತೇನೆ, ಅದು ನಿಮಗೆ ಅಪರಾತ್ರಿಯಾದರೂ ಎತ್ತಿ. ಮಾತ್ರೆ, ಪಾಸ್‌ಪೋರ್ಟು, ಒಂದು ಜೊತೆ ಬೆಚ್ಚಗಿನ ಬಟ್ಟೆ ಕೈಚೀಲದಲ್ಲೇ ಇರಲಿ.

ಇಂತಿ ನಿಮ್ಮ ಮಗಳು,
ಸುಮಾ